ಸಲಹೆಗೆ ಉತ್ತರ ಬರಲೇಬೇಕು: ವಿಶ್ವವಿದ್ಯಾಲಯದ ಸಮಾನತಾ ಸಲಹಾ ಸಮಿತಿಯನ್ನು ನಡೆಸುವ ಬಗೆ

ನಾನು ಸದಸ್ಯನಾಗಿದ್ದ ಸಮಿತಿಯ ಮೊದಲ ಸಭೆಗೆ ಹಿಂದಿನ ಸಂಜೆ ಕಾರ್ಯಸೂಚಿ ಎಲ್ಲರ ಇಮೇಲ್‌ಗೆ ಬಂತು. ಒಟ್ಟು ಹನ್ನೊಂದು ಪುಟ. ಕಚೇರಿಯವರು ಅದನ್ನು ಮುದ್ರಿಸಿ, ಸಹಿ ಹಾಕಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಕಳಿಸಿದ್ದರು. ನಮ್ಮಲ್ಲಿ ದೃಷ್ಟಿ ಇಲ್ಲದ ಸದಸ್ಯರೊಬ್ಬರಿದ್ದರು, ಇತಿಹಾಸ ವಿಭಾಗದ ಅಧ್ಯಾಪಕರು. ಅವರ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಹನ್ನೊಂದೂ ಪುಟಗಳನ್ನು ಒಂದೊಂದಾಗಿ ತೆರೆದು, ಪ್ರತಿ ಪುಟಕ್ಕೂ ಒಂದೇ ಮಾತು ಹೇಳಿತಂತೆ: ಖಾಲಿ. ಆ ಕಾರ್ಯಸೂಚಿಯ ಮೊದಲ ವಿಷಯವೇ ವಿಶ್ವವಿದ್ಯಾಲಯದ ಜಾಲತಾಣವನ್ನು ಎಲ್ಲರೂ ಬಳಸುವಂತೆ ಮಾಡುವುದು! ಮರುದಿನ ಸಭೆಯಲ್ಲಿ ಅವರು ನಗುತ್ತಲೇ ಹೇಳಿದರು: "ನನಗೆ ಬಂದ ಕಾರ್ಯಸೂಚಿಯಲ್ಲಿ ವಿಷಯಗಳೇ ಇಲ್ಲ ಸರ್. ಬೇಗ ಮುಗಿಸಿ ಮನೆಗೆ ಹೋಗಬಹುದು."

ಸಭೆಯಲ್ಲಿದ್ದವರಲ್ಲಿ ಯಾರೂ ಕೆಟ್ಟವರಲ್ಲ. ಯಾರಿಗೂ ಅದು ಹೊಳೆದಿರಲಿಲ್ಲ, ಅಷ್ಟೆ. ವೈವಿಧ್ಯ, ಅಂಗವೈಕಲ್ಯ, ಸಮಾನತೆಗಳ ಬಗ್ಗೆ ಸಲಹೆ ಕೊಡಲು ರಚಿಸುವ ಸಮಿತಿಗಳು ಬಹುಪಾಲು ಹೀಗೆಯೇ ಆರಂಭವಾಗುತ್ತವೆ. ಹಲವು ಹೀಗೆಯೇ ಮುಗಿಯುತ್ತವೆ ಕೂಡ: ವರ್ಷಕ್ಕೆ ಎರಡು ಸಭೆ, ಒಂದು ಗುಂಪು ಫೋಟೊ, ಕಪಾಟಿನಲ್ಲಿ ಒಂದು ಕಡತ.

ಸಲಹಾ ಸಮಿತಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಹಣ ಮಂಜೂರು ಮಾಡುವ ಅಧಿಕಾರವಿಲ್ಲ, ಯಾರನ್ನೂ ನೇಮಿಸುವ ಅಥವಾ ತೆಗೆಯುವ ಅಧಿಕಾರವಿಲ್ಲ. ಅದು ಹೇಳಬಹುದು, ಅಷ್ಟೆ. ಹಾಗಾಗಿ ಇಂಥ ಸಮಿತಿಯ ಸದಸ್ಯರು ತಲೆ ಕೆಡಿಸಿಕೊಳ್ಳಬೇಕಾದ ಸಂಗತಿ ಒಂದೇ. ನಾವು ಹೇಳಿದ್ದಕ್ಕೆ ಆಡಳಿತವು 'ಹೌದು' ಅಥವಾ 'ಇಲ್ಲ' ಎಂದು ಬರವಣಿಗೆಯಲ್ಲಿ ಉತ್ತರಿಸಲೇಬೇಕಾದ ಸ್ಥಿತಿಯನ್ನು ತರುವುದು ಹೇಗೆ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

1. ರಚನಾ ಆದೇಶವನ್ನು ಓದಿ, ತಿದ್ದಿಸಿ

ಸದಸ್ಯರಾಗಲು ಒಪ್ಪುವ ಮೊದಲು, ಮುಖ್ಯವಾಗಿ ಅಧ್ಯಕ್ಷರಾಗಲು ಒಪ್ಪುವ ಮೊದಲು, ಸಮಿತಿಯನ್ನು ರಚಿಸಿದ ಆದೇಶದ ಪ್ರತಿಯನ್ನು ಕೇಳಿ ಪಡೆಯಿರಿ. ಹೆಚ್ಚಿನ ಆದೇಶಗಳಲ್ಲಿ ಸದಸ್ಯರ ಹೆಸರುಗಳು ಒಂದು ಪುಟ ತುಂಬಾ ಇರುತ್ತವೆ. ಕೆಲಸದ ವಿವರ ಮಾತ್ರ "ಕಾಲಕಾಲಕ್ಕೆ ಸೂಕ್ತ ಸಲಹೆಗಳನ್ನು ನೀಡುವುದು" ಎಂಬ ಒಂದು ಸಾಲಿನಲ್ಲಿ ಮುಗಿದಿರುತ್ತದೆ. ಆ ಸಾಲನ್ನು ನಂಬಿ ಹೊರಟರೆ ಮೂರು ವರ್ಷ ಸಲೀಸಾಗಿ ವ್ಯರ್ಥವಾಗುತ್ತದೆ.

ಆದೇಶದಲ್ಲಿ ಈ ವಿಷಯಗಳು ಇರಲೇಬೇಕು. ಸಲಹೆ ಯಾರಿಗೆ ಹೋಗುತ್ತದೆ ಎಂಬುದು ಹುದ್ದೆಯ ಹೆಸರಿನೊಂದಿಗೆ ಇರಬೇಕು. "ಆಡಳಿತಕ್ಕೆ" ಎಂದರೆ ಯಾರಿಗೂ ಅಲ್ಲ ಎಂದೇ ಅರ್ಥ. ಸಲಹೆ ತಲುಪಿದ ಎಷ್ಟು ದಿನಗಳಲ್ಲಿ ಲಿಖಿತ ಉತ್ತರ ಬರಬೇಕು ಎಂಬ ಗಡುವು ಬೇಕು. 45 ದಿನ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ತಿರಸ್ಕರಿಸಿದರೆ ಕಾರಣ ಕೊಡಬೇಕು ಎಂಬ ಮಾತು ಬೇಕು. ವರ್ಷಕ್ಕೆ ಒಮ್ಮೆಯಾದರೂ ಸಮಿತಿಯ ವರದಿ ಆಡಳಿತ ಮಂಡಳಿಯ ಕಾರ್ಯಸೂಚಿಯಲ್ಲಿ ಬರಬೇಕು. ಪ್ರವೇಶಾತಿ, ಪರೀಕ್ಷೆ, ಕಟ್ಟಡ, ನೇಮಕಾತಿ ವಿಭಾಗಗಳಿಂದ ಮಾಹಿತಿ ಕೇಳುವ ಹಕ್ಕು ಇರಬೇಕು. ಸಂಜ್ಞಾ ಭಾಷೆಯ ಅನುವಾದಕರು, ಬ್ರೈಲ್ ಪ್ರತಿ, ಶೀಘ್ರಲಿಪಿ ಮುಂತಾದವಕ್ಕೆ ಪುಟ್ಟದಾದರೂ ಪ್ರತ್ಯೇಕ ಲೆಕ್ಕಶೀರ್ಷಿಕೆ ಇರಬೇಕು. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದರೆ ನಾನು ಕಣ್ಣು ಮುಚ್ಚಿ 'ಕಾರಣ ಸಹಿತ ಲಿಖಿತ ಉತ್ತರ'ವನ್ನೇ ಆರಿಸುತ್ತೇನೆ. ಹಣ ಬೇರೆ ದಾರಿಯಲ್ಲಿ ಹುಟ್ಟಬಹುದು, ಉತ್ತರ ಹಾಗೆ ಹುಟ್ಟುವುದಿಲ್ಲ.

ಆದೇಶದಲ್ಲಿ ಬಳಸಿದ ಪದಗಳ ಅರ್ಥವನ್ನೂ ಮೊದಲ ಸಭೆಯಲ್ಲೇ ಬಿಡಿಸಿಕೊಳ್ಳಿ. ವೈವಿಧ್ಯ ಎಂದರೆ ಇಲ್ಲಿ ಯಾರು ಯಾರು ಇದ್ದಾರೆ ಎಂಬ ಪ್ರಶ್ನೆ. ಸುಗಮ್ಯತೆ ಎಂದರೆ ಇದ್ದವರು ಒಳಗೆ ಬರಲು, ಓದಲು, ಬರೆಯಲು, ಶೌಚಾಲಯಕ್ಕೆ ಹೋಗಲು ಸಾಧ್ಯವೇ ಎಂಬ ಪ್ರಶ್ನೆ. ಸಮತೆ ಎಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದಲ್ಲ, ಅವರವರ ಮೈಗೆ ಸರಿಯಾಗುವ ಅಂಗಿ ಹೊಲಿಸುವುದು. ಈ ಮೂರನ್ನೂ ಒಂದೇ ಮೂಟೆಯಲ್ಲಿ ಕಟ್ಟಿದರೆ, ಸುಲಭವಾದದ್ದನ್ನು ಮಾಡಿ ಕಷ್ಟವಾದದ್ದನ್ನು ಬಿಟ್ಟುಬಿಡುವ ಚಾಳಿ ಬೆಳೆಯುತ್ತದೆ. ಆಚರಣಾ ದಿನಗಳ ಪಟ್ಟಿ ಉದ್ದವಾಗುತ್ತದೆ, ಲಿಫ್ಟ್ ಕೆಟ್ಟೇ ಇರುತ್ತದೆ.

ಕೈಯಲ್ಲಿ ಕಾನೂನಿನ ಒಂದು ಪುಟವೂ ಇರಲಿ. 2006ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2008ರ ಮೇ ತಿಂಗಳಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಉನ್ನತ ಶಿಕ್ಷಣವನ್ನು ಹೆಸರಿಸಿಯೇ ಒಳಗೊಂಡಿದೆ. ಸಮಂಜಸ ಹೊಂದಾಣಿಕೆಯನ್ನು, ಅಂದರೆ ಒಬ್ಬರ ಅಗತ್ಯಕ್ಕೆ ತಕ್ಕಂತೆ ಮಾಡುವ, ಸಂಸ್ಥೆಗೆ ಅತಿಭಾರವಾಗದ ಬದಲಾವಣೆಯನ್ನು, ನಿರಾಕರಿಸುವುದೂ ತಾರತಮ್ಯವೇ ಎಂದು ಅದರ 2ನೇ ವಿಧಿ ಹೇಳುತ್ತದೆ. ಅಂಗವಿಕಲರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರನ್ನೇ, ಅವರ ಸಂಘಟನೆಗಳ ಮೂಲಕ ತೊಡಗಿಸಿಕೊಳ್ಳಬೇಕು ಎನ್ನುವುದು 4ನೇ ವಿಧಿಯ ಮೂರನೆಯ ಉಪವಿಧಿ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹೀಗೆ ಆಯಾ ದೇಶದ್ದು ಬೇರೆ ಇರುತ್ತದೆ. ಬ್ರಿಟನ್ನಿನದರಲ್ಲಿ ಒಂದು ಅಂಶ ನನಗೆ ಬಹಳ ಹಿಡಿಸುತ್ತದೆ: ಶಿಕ್ಷಣ ಸಂಸ್ಥೆಯ ಹೊಣೆ ಮುಂಗಾಣುವ ಹೊಣೆ. "ಅಂಥ ವಿದ್ಯಾರ್ಥಿ ಬಂದಾಗ ನೋಡೋಣ" ಎಂದು ಅಲ್ಲಿ ಹೇಳುವಂತಿಲ್ಲ. ಎಲ್ಲ ದೇಶಗಳ ಸಭೆಗಳಲ್ಲೂ ಕೇಳಿಬರುವ ನೆಪ ಅದೇ ಆದ್ದರಿಂದ ಈ ಮಾತು ನೆನಪಿನಲ್ಲಿರಲಿ.

2. ಯಾರನ್ನು ಕೂರಿಸಬೇಕು

ವಾಷಿಂಗ್ಟನ್‌ನ ಗ್ಯಾಲಡೆಟ್ ವಿಶ್ವವಿದ್ಯಾಲಯ ಕಿವುಡ ವಿದ್ಯಾರ್ಥಿಗಳಿಗಾಗಿಯೇ ಇರುವ ಸಂಸ್ಥೆ, 1864ರಲ್ಲಿ ಆರಂಭವಾಯಿತು. 124 ವರ್ಷ ಅದರ ಅಧ್ಯಕ್ಷರಾದವರೆಲ್ಲ ಕಿವಿ ಕೇಳುವವರೇ. 1988ರ ಮಾರ್ಚ್‌ನಲ್ಲಿ ಮಂಡಳಿ ಮತ್ತೊಮ್ಮೆ ಕಿವಿ ಕೇಳುವವರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಆವರಣದ ಗೇಟುಗಳನ್ನು ಮುಚ್ಚಿ ಕುಳಿತರು. ಒಂದು ವಾರದಲ್ಲಿ ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಕಥೆಯ ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಸಮಿತಿ ಕಟ್ಟುವವರು ನೋಡಬೇಕಾದದ್ದು ಉಳಿದ ಬೇಡಿಕೆಗಳನ್ನು. ಮಂಡಳಿಯಲ್ಲಿ ಕನಿಷ್ಠ ಶೇ 51ರಷ್ಟು ಕಿವುಡರೇ ಇರಬೇಕು ಎಂಬುದು ಒಂದು. ಪ್ರತಿಭಟಿಸಿದವರ ಮೇಲೆ ಸೇಡಿನ ಕ್ರಮ ಆಗಬಾರದು ಎಂಬುದು ಇನ್ನೊಂದು. ಕುರ್ಚಿಯಲ್ಲಿ ಕೂತ ಒಬ್ಬರು ಬದಲಾದರೆ ಸಾಲದು, ಮುಂದೆ ಕುರ್ಚಿ ಹಂಚುವವರೂ ಬದಲಾಗಬೇಕು ಎಂಬುದು ಆ ವಿದ್ಯಾರ್ಥಿಗಳಿಗೆ ಗೊತ್ತಿತ್ತು.

ನಿಮ್ಮ ಸಮಿತಿಯಲ್ಲಿ ಹದಿಮೂರು ಜನ ಇದ್ದಾರೆ ಎಂದುಕೊಳ್ಳೋಣ. ಕನಿಷ್ಠ ಏಳು ಜನ ಈ ವಿಷಯಗಳನ್ನು ದಿನನಿತ್ಯ ಮೈಮೇಲೆ ಅನುಭವಿಸುವವರಾಗಿರಲಿ: ಅಂಗವೈಕಲ್ಯ ಇರುವ ವಿದ್ಯಾರ್ಥಿಗಳು ಮತ್ತು ನೌಕರರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು, ಜಾತಿ, ಜನಾಂಗ, ಭಾಷೆ, ಧರ್ಮ, ಲಿಂಗದ ಕಾರಣಕ್ಕೆ ಬದಿಗೆ ತಳ್ಳಲ್ಪಟ್ಟವರು. ಒಂದೊಂದು ಗುಂಪಿಗೆ ಒಬ್ಬೊಬ್ಬರು ಎಂಬ ಹಂಚಿಕೆ ನ್ಯಾಯವಾಗಿ ಕಾಣುತ್ತದೆ, ಆದರೆ ಆ ಒಬ್ಬರು ಒಂಟಿಯಾಗಿಬಿಡುತ್ತಾರೆ. ಗಾಲಿಕುರ್ಚಿ ಬಳಸುವ ಒಬ್ಬರೇ ಇದ್ದರೆ ಕಿವುಡುತನದ ಬಗ್ಗೆಯೂ, ಬುದ್ಧಿಮಾಂದ್ಯದ ಬಗ್ಗೆಯೂ, ಕಣ್ಣಿಗೆ ಕಾಣದ ದೀರ್ಘಕಾಲದ ನೋವಿನ ಬಗ್ಗೆಯೂ ಅವರನ್ನೇ ಕೇಳುತ್ತಾರೆ. ಸಾಧ್ಯವಾದಷ್ಟೂ ಇಬ್ಬಿಬ್ಬರಿರಲಿ. ಇಬ್ಬರಿದ್ದಾಗ ಅವರಿಗೆ ಪರಸ್ಪರ ಭಿನ್ನಾಭಿಪ್ರಾಯ ಹೇಳುವ ಸ್ವಾತಂತ್ರ್ಯವೂ ಇರುತ್ತದೆ.

ಉಳಿದ ಕುರ್ಚಿಗಳು ಕೆಲಸ ಮಾಡಿಸಬಲ್ಲವರಿಗೆ. ಕಟ್ಟಡ ವಿಭಾಗದ ಎಂಜಿನಿಯರ್, ಪರೀಕ್ಷಾಂಗ ಕುಲಸಚಿವರ ಕಚೇರಿಯವರು, ಗ್ರಂಥಪಾಲಕರು, ಗಣಕ ಕೇಂದ್ರದವರು, ಹಣಕಾಸು ಅಧಿಕಾರಿ. ಇವರಿಗೆ ಮತದಾನದ ಹಕ್ಕು ಬೇಡ, ಆದರೆ ಹಾಜರಾತಿ ಕಡ್ಡಾಯವಾಗಿರಲಿ. ಎಂಜಿನಿಯರ್ ಇಲ್ಲದ ಸಭೆಯಲ್ಲಿ ಗಾಲಿಕುರ್ಚಿ ಏರಲು ಕಟ್ಟುವ ಇಳಿಜಾರಿನ ಬಗ್ಗೆ ಮಾತನಾಡುವುದು ವರನಿಲ್ಲದ ಮದುವೆಯ ಸಿದ್ಧತೆಯಂತೆ. "ಅವರನ್ನು ಕೇಳಿ ಹೇಳುತ್ತೇವೆ" ಎಂಬ ಒಂದು ವಾಕ್ಯಕ್ಕೆ ಮೂರು ತಿಂಗಳು ಹೋಗುತ್ತದೆ.

ವಿದ್ಯಾರ್ಥಿ ಸದಸ್ಯರಿಗೆ ಸಭಾ ಭತ್ಯೆಯನ್ನೋ ಶೈಕ್ಷಣಿಕ ಅಂಕವನ್ನೋ ಕೊಡಿಸಿ. ಅಧ್ಯಾಪಕರು ಸಂಬಳದ ಸಮಯದಲ್ಲಿ ಕೂರುತ್ತಾರೆ, ಅಧಿಕಾರಿಗಳೂ ಹಾಗೆಯೇ. ಪುಕ್ಕಟೆ ಕೂರುವವರು ಅತ್ಯಂತ ಕಡಿಮೆ ಬಿಡುವಿರುವವರೇ ಆಗಿರುತ್ತಾರೆ. ಅವಧಿ ಎರಡು ವರ್ಷವಿರಲಿ, ಎಲ್ಲರೂ ಒಟ್ಟಿಗೆ ನಿವೃತ್ತರಾಗದಂತೆ ಅರ್ಧರ್ಧ ಬದಲಾಗಲಿ.

ಹೆಸರಿನ ಬಗ್ಗೆ ಒಂದು ಮಾತು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಯಾವ ಪದ ಸರಿ ಎಂದು ಸಮಿತಿಗಳು ಗಂಟೆಗಟ್ಟಲೆ ಚರ್ಚಿಸುವುದನ್ನು ಕಂಡಿದ್ದೇನೆ. ಎದುರಿಗೆ ಕೂತವರನ್ನು ಕೇಳಿ, ಅವರು ಹೇಳಿದ್ದನ್ನು ಬಳಸಿ, ಮುಂದಿನ ವಿಷಯಕ್ಕೆ ಹೋಗಿ. ನಮ್ಮ ಇತಿಹಾಸದ ಅಧ್ಯಾಪಕರು ತಮ್ಮನ್ನು ಕುರುಡ ಎಂದೇ ಕರೆದುಕೊಳ್ಳುತ್ತಿದ್ದರು. ಬೇರೆಯವರು ಆ ಪದ ಬಳಸಿದರೆ ಮಾತ್ರ ಹುಬ್ಬೇರಿಸುತ್ತಿದ್ದರು. ಅದು ಅವರ ಹಕ್ಕು.

3. ಮೊದಲು ಸಭೆಯನ್ನೇ ಸರಿಪಡಿಸಿ

ಕಾರ್ಯಸೂಚಿ ಮತ್ತು ಟಿಪ್ಪಣಿಗಳು ಸಭೆಗೆ ಏಳು ದಿನ ಮೊದಲು, ನಿಜವಾದ ಅಕ್ಷರಗಳ ರೂಪದಲ್ಲಿ ತಲುಪಬೇಕು. ಪರೀಕ್ಷಿಸುವುದು ಸುಲಭ: ಕಡತ ತೆರೆದು ಒಂದು ಸಾಲನ್ನು ಆಯ್ಕೆ ಮಾಡಿ ನಕಲಿಸಲು ಯತ್ನಿಸಿ. ಸಾಲು ಆಯ್ಕೆಯಾಗದಿದ್ದರೆ ಅದು ಬರಹವಲ್ಲ, ಬರಹದ ಫೋಟೊ. ಸಹಿ ಬೇಕೇಬೇಕು ಎನ್ನುವ ಕಚೇರಿಯಿದ್ದರೆ ಸಹಿ ಮಾಡಿದ ಪ್ರತಿಯನ್ನು ಕಡತಕ್ಕೆ ಹಾಕಿಕೊಳ್ಳಲಿ, ಮೂಲ ಕಡತವನ್ನು ಸದಸ್ಯರಿಗೆ ಕಳಿಸಲಿ.

ಮಾತನಾಡುವ ಮೊದಲು ಪ್ರತಿಯೊಬ್ಬರೂ ಹೆಸರು ಹೇಳಬೇಕು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಸಂಜ್ಞಾ ಭಾಷೆಯ ಅನುವಾದಕರಿದ್ದರೆ ದೀರ್ಘ ಸಭೆಗೆ ಇಬ್ಬರು ಬೇಕು, ಸರದಿಯಲ್ಲಿ ಕೆಲಸ ಮಾಡುತ್ತಾರೆ. ಕಾರ್ಯಸೂಚಿಯನ್ನು ಅವರಿಗೂ ಮೊದಲೇ ಕಳಿಸಿ. ಕಿವುಡ ಸದಸ್ಯರೊಂದಿಗೆ ಮಾತನಾಡುವಾಗ ಅವರ ಮುಖ ನೋಡಿ, ಅನುವಾದಕರ ಮುಖವನ್ನಲ್ಲ. ಒಂದು ಗಂಟೆಗೊಮ್ಮೆ ವಿರಾಮ. ದೂರದಿಂದ ಆನ್‌ಲೈನ್ ಸೇರುವವರಿಗೆ ಪರದೆಯ ಮೇಲೆ ಬರಹ ಮೂಡುವ ವ್ಯವಸ್ಥೆ. ಇವೆಲ್ಲ ಎರಡು ಸಭೆ ನಡೆಯುವಷ್ಟರಲ್ಲಿ ರೂಢಿಯಾಗುತ್ತವೆ. ಹೆಸರು ಹೇಳಿ ಮಾತನಾಡುವ ಅಭ್ಯಾಸದಿಂದ ಅನುಕೂಲ ಆದದ್ದು ಕಣ್ಣು ಕಾಣದವರಿಗಷ್ಟೇ ಅಲ್ಲ. ನಡಾವಳಿ ಬರೆಯುವ ಸಹಾಯಕರು ನನ್ನ ಬಳಿ ಬಂದು ಧನ್ಯವಾದ ಹೇಳಿದರು.

4. ಅಂಕಿಅಂಶ ತರಿಸಿ, ಆದರೆ ಅದರಲ್ಲೇ ಮುಳುಗಬೇಡಿ

ಎಷ್ಟು ಜನ ಸೇರಿದರು ಎಂಬ ಪಟ್ಟಿ ಎಲ್ಲ ಕಚೇರಿಗಳಲ್ಲೂ ಸಿಗುತ್ತದೆ. ನೀವು ಕೇಳಬೇಕಾದದ್ದು ಎಷ್ಟು ಜನ ಎಲ್ಲಿ ಬಿಟ್ಟುಹೋದರು ಎಂಬುದನ್ನು. ಅರ್ಜಿ, ಪ್ರವೇಶ, ಮೊದಲ ವರ್ಷದ ಪರೀಕ್ಷೆ, ಪದವಿ, ಈ ನಾಲ್ಕು ಹಂತಗಳಲ್ಲಿ ಪ್ರತಿ ಗುಂಪಿನ ಸಂಖ್ಯೆಯನ್ನು ಐದು ವರ್ಷಗಳಿಗೆ ಕೇಳಿ. ಎಲ್ಲಿ ಸಂಖ್ಯೆ ದಿಢೀರನೆ ಇಳಿಯುತ್ತದೋ ಅಲ್ಲಿ ಏನೋ ಇದೆ. ಒಂದು ಎಚ್ಚರಿಕೆ: ಗುಂಪಿನಲ್ಲಿ ಐದಕ್ಕಿಂತ ಕಡಿಮೆ ಜನರಿದ್ದರೆ ಆ ಸಂಖ್ಯೆಯನ್ನು ಪ್ರಕಟಿಸಬಾರದು. "ಭೌತಶಾಸ್ತ್ರ ವಿಭಾಗ, ಎರಡನೇ ವರ್ಷ, ಶ್ರವಣದೋಷ: 1" ಎಂದು ಮುದ್ರಿಸಿದರೆ ಅದು ಅಂಕಿಅಂಶವಲ್ಲ, ಒಬ್ಬ ವಿದ್ಯಾರ್ಥಿಯ ಗುಟ್ಟನ್ನು ಗೋಡೆಗೆ ಅಂಟಿಸಿದಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನ ಜನಸಂಖ್ಯೆಯಲ್ಲಿ ಸುಮಾರು ಶೇ 16ರಷ್ಟು, ಅಂದರೆ ಆರರಲ್ಲಿ ಒಬ್ಬರಿಗೆ, ಗಣನೀಯ ಅಂಗವೈಕಲ್ಯವಿದೆ. ನಿಮ್ಮ ಕಚೇರಿಯ ಪಟ್ಟಿ ಶೇ 1 ಎಂದು ತೋರಿಸಿದರೆ "ನಮ್ಮಲ್ಲಿ ಅಂಥವರು ಕಡಿಮೆ" ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಯುವಕರಲ್ಲಿ ಪ್ರಮಾಣ ಕಡಿಮೆ ಇರುವುದು ಸಹಜ. ಆದರೂ ಬಾರದವರು ಎಷ್ಟು, ಬಂದು ಹೇಳಿಕೊಳ್ಳಲು ಹೆದರಿದವರು ಎಷ್ಟು ಎಂದು ಕೇಳಲೇಬೇಕು.

5. ನಡೆದು ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಗೆ ನಿಮಗೆ ಸಮಯವಿದ್ದರೆ ಇದನ್ನೇ ಮಾಡಿ. ಅರ್ಧ ದಿನ ಸಾಕು. ಅಳತೆ ಟೇಪು, ಮೊಬೈಲ್, ನೋಟ್‌ಪುಸ್ತಕ. ಗಾಲಿಕುರ್ಚಿ ಬಳಸುವ ಒಬ್ಬರು, ಬಿಳಿ ಕೋಲು ಬಳಸುವ ಒಬ್ಬರು, ಕಟ್ಟಡ ವಿಭಾಗದ ಎಂಜಿನಿಯರ್, ಬರೆದುಕೊಳ್ಳುವವರು ಒಬ್ಬರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅರ್ಧ ಗಂಟೆ ತಡಕಾಡುವ, ಖಾಲಿ ಗಾಲಿಕುರ್ಚಿಯಲ್ಲಿ ಅಧಿಕಾರಿಗಳನ್ನು ಕೂರಿಸಿ ಫೋಟೊ ತೆಗೆಸುವ ಆಟ ಬೇಡ. ಅದರಿಂದ ಹುಟ್ಟುವುದು ಕನಿಕರ; ನಿಮಗೆ ಬೇಕಾದದ್ದು ಅಳತೆ.

ಕಟ್ಟಡಗಳನ್ನು ಪಟ್ಟಿ ಮಾಡಿಕೊಂಡು ಹೊರಡಬೇಡಿ. ಒಬ್ಬ ವಿದ್ಯಾರ್ಥಿಯ ಒಂದು ದಿನವನ್ನು ಹಿಡಿದು ಹೊರಡಿ. ನಾವು ಹಿಡಿದದ್ದು ಗಾಲಿಕುರ್ಚಿ ಬಳಸುವ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳ ಬುಧವಾರವನ್ನು. ಒಂಬತ್ತೂವರೆಗೆ ಒಂದು ಕಟ್ಟಡದ ನೆಲಮಹಡಿಯಲ್ಲಿ ತರಗತಿ, ಹತ್ತೂವರೆಗೆ ಎದುರಿನ ಕಟ್ಟಡದಲ್ಲಿ ಇನ್ನೊಂದು. ಕಾಲ್ನಡಿಗೆಯವರಿಗೆ ಎರಡು ನಿಮಿಷದ ದಾರಿ, ನಡುವೆ ಆರು ಮೆಟ್ಟಿಲು. ಎದುರಿನ ಕಟ್ಟಡಕ್ಕೆ ಇಳಿಜಾರು ಇರಲಿಲ್ಲವೇ? ಇತ್ತು. ಹಿಂಭಾಗದಲ್ಲಿ, ಜನರೇಟರ್ ಪಕ್ಕದಲ್ಲಿ, ಒಳಗಿನಿಂದ ಚಿಲಕ ಹಾಕಿದ ಬಾಗಿಲಿನ ಮುಂದೆ. ಆ ಬಾಗಿಲಿಗೆ ಹೋಗಲು ವಾಹನ ನಿಲ್ಲಿಸುವ ಜಾಗವನ್ನು ಸುತ್ತಿ ಬರಬೇಕು. ನಾವು ಗಡಿಯಾರ ಹಿಡಿದು ಅವಳ ಜೊತೆ ಹೋದೆವು. ಸುತ್ತಿ ಬರಲು ಒಂಬತ್ತು ನಿಮಿಷ. ಕಾವಲುಗಾರರನ್ನು ಫೋನಿನಲ್ಲಿ ಕರೆದು ಚಿಲಕ ತೆಗೆಸಲು ಇನ್ನೂ ಐದು.

ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಆ ತರಗತಿಯುದ್ದಕ್ಕೂ 'ತಡ' ಎಂದು ಬಿದ್ದಿತ್ತು. ಅಧ್ಯಾಪಕರಿಗೆ ಅವಳು ಶಿಸ್ತಿಲ್ಲದ ಹುಡುಗಿ. ಹಿಂದಿನ ತರಗತಿಯಿಂದ ಬೇಗ ಎದ್ದು ಹೋಗುತ್ತಿದ್ದುದರಿಂದ ಆ ಅಧ್ಯಾಪಕರಿಗೂ ಹಾಗೆಯೇ. ಇದನ್ನು ನಾವು ಕೇಳಿದ್ದಕ್ಕೆ ಅವಳು ಹೇಳಿದ್ದಲ್ಲ. ಜೊತೆಗೆ ನಡೆದದ್ದರಿಂದ ನಮಗೆ ಗೊತ್ತಾದದ್ದು. "ನೀನು ಯಾಕೆ ಹೇಳಲಿಲ್ಲಮ್ಮ?" ಎಂದರು ಎಂಜಿನಿಯರ್. "ಇಳಿಜಾರು ಇದೆಯಲ್ಲ ಸರ್, ಇನ್ನೇನು ಕೇಳಲಿ?" ಎಂದಳು.

ಪರಿಹಾರಕ್ಕೆ ಇಟ್ಟಿಗೆ, ಸಿಮೆಂಟು ಏನೂ ಬೇಕಾಗಲಿಲ್ಲ. ಅವಳ ಹತ್ತೂವರೆಯ ತರಗತಿಯ ಕೊಠಡಿಯನ್ನು ಮೊದಲ ಕಟ್ಟಡದ ನೆಲಮಹಡಿಯಲ್ಲಿದ್ದ ಬೇರೊಂದು ತರಗತಿಯ ಕೊಠಡಿಯೊಂದಿಗೆ ಅದಲುಬದಲು ಮಾಡಲಾಯಿತು. ವೇಳಾಪಟ್ಟಿ ಹಾಕುವ ಗುಮಾಸ್ತರು ಹತ್ತು ನಿಮಿಷದಲ್ಲಿ ಮುಗಿಸಿದರು. ಮುಂಭಾಗದ ಇಳಿಜಾರು ಬರಲು ಮಾತ್ರ ಹದಿನಾಲ್ಕು ತಿಂಗಳು ಬೇಕಾಯಿತು.

ಅಳೆಯುವಾಗ ನೆನಪಿಡಬೇಕಾದ ಕೆಲವು ಲೆಕ್ಕಗಳಿವೆ. ಇಳಿಜಾರಿಗೆ ಬಹುತೇಕ ಮಾನದಂಡಗಳು ಒಪ್ಪುವ ಗರಿಷ್ಠ ಪ್ರಮಾಣ 1:12. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲುಗಳಿದ್ದರೆ ಒಟ್ಟು ಏರಿಕೆ 45 ಸೆಂಟಿಮೀಟರ್. ಇಳಿಜಾರಿನ ಉದ್ದ 5.4 ಮೀಟರ್. ಜಾಗವಿಲ್ಲವೆಂದು ಇದನ್ನು ಎರಡು ಮೀಟರಿಗೆ ಇಳಿಸಿದರೆ ಅದು ಇಳಿಜಾರಲ್ಲ, ಜಾರುಬಂಡೆ. ಮೊಬೈಲಿನಲ್ಲಿ ಮಟ್ಟ ಅಳೆಯುವ ಆ್ಯಪ್ ಇರುತ್ತದೆ, ಅದನ್ನು ಇಳಿಜಾರಿನ ಮೇಲಿಡಿ: 4.8 ಡಿಗ್ರಿಯೊಳಗಿದ್ದರೆ ಸರಿ. ಏಳೆಂಟು ಡಿಗ್ರಿ ತೋರಿಸುವ ಇಳಿಜಾರುಗಳು ಎಷ್ಟು ಸಾಮಾನ್ಯ ಎಂಬುದು ನಿಮಗೇ ಗೊತ್ತಾಗುತ್ತದೆ. ಬಾಗಿಲು ತೆರೆದಾಗ ಸಿಗುವ ಜಾಗ 80 ಸೆಂಟಿಮೀಟರಿಗಿಂತ ಹೆಚ್ಚಿರಬೇಕು. ಚೌಕಟ್ಟನ್ನು ಅಳೆಯಬೇಡಿ, ತೆರೆದ ಬಾಗಿಲಿನ ಅಂಚಿನಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಗಾಲಿಕುರ್ಚಿ ಪೂರ್ತಿ ತಿರುಗಲು ಸುಮಾರು 1.5 ಮೀಟರ್ ವ್ಯಾಸದ ಖಾಲಿ ನೆಲ ಬೇಕು. ಶೌಚಾಲಯದಲ್ಲಿ ಈ ನೆಲದ ಮೇಲೆ ಏನಿದೆ ಎಂದು ನೋಡಿ. ಪೊರಕೆ, ಬಕೆಟ್ಟು, ಮುರಿದ ಕುರ್ಚಿ ಇರುವ ಸಂಭವವೇ ಹೆಚ್ಚು.

ಜಾಲತಾಣಕ್ಕೂ ಹೀಗೆಯೇ ಒಂದು ನಡಿಗೆ ಮಾಡಿ. ಮೌಸನ್ನು ಪಕ್ಕಕ್ಕಿಟ್ಟು, ಕೀಲಿಮಣೆಯ ಟ್ಯಾಬ್ ಕೀಲಿಯಿಂದಲೇ ಪರೀಕ್ಷಾ ಶುಲ್ಕ ಕಟ್ಟಲು ಯತ್ನಿಸಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅದನ್ನು ಬರೆದುಕೊಳ್ಳಿ. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ (WCAG) ಈಚಿನ ಆವೃತ್ತಿ 2.2, ಅಕ್ಟೋಬರ್ 2023ರಲ್ಲಿ ಬಂದದ್ದು. ಅದರ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಕನಿಷ್ಠ 4.5:1ರ ವ್ಯತ್ಯಾಸ ಇರಬೇಕು. ತಿಳಿಬೂದು ಅಕ್ಷರ, ಬಿಳಿ ಹಿನ್ನೆಲೆ: ನೋಡಲು ಸೊಗಸು, ಓದಲು ಹಿಂಸೆ.

ಮೂರನೆಯ ನಡಿಗೆ ಕಾಗದದ್ದು. ಮನೆಯಲ್ಲಿ ಮೊದಲ ಬಾರಿ ಕಾಲೇಜು ಸೇರಿದ ವಿದ್ಯಾರ್ಥಿಯೊಬ್ಬನ ಅರ್ಜಿಯನ್ನು ಕೈಗೆತ್ತಿಕೊಂಡು ಪ್ರವೇಶದಿಂದ ವಿದ್ಯಾರ್ಥಿವೇತನದವರೆಗೆ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು, ಎಲ್ಲಿ ಎಷ್ಟು ದಿನ ಕೂತಿತು ಎಂದು ಹಿಂಬಾಲಿಸಿ. ಶುಲ್ಕ ಕಟ್ಟುವ ಗಡುವು ವಿದ್ಯಾರ್ಥಿವೇತನ ಜಮೆಯಾಗುವ ದಿನಕ್ಕಿಂತ ಮೊದಲೇ ಇದ್ದರೆ, ಆ ಹುಡುಗ ಸಾಲ ಮಾಡಿಯೇ ಓದಬೇಕೆಂದು ಸಂಸ್ಥೆಯೇ ತೀರ್ಮಾನಿಸಿದಂತಾಯಿತು. ಯಾರೂ ಬೇಕೆಂದು ಹಾಗೆ ತೀರ್ಮಾನಿಸಿಲ್ಲ. ಎರಡು ದಿನಾಂಕಗಳನ್ನು ಎರಡು ವಿಭಾಗಗಳು ಇಟ್ಟಿವೆ.

6. ಶಿಫಾರಸನ್ನು ಬರೆಯುವುದು

"ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಅಗತ್ಯ ಸೌಲಭ್ಯಗಳನ್ನು ಒದಗಿಸಲು ಸೂಕ್ತ ಕ್ರಮ ಕೈಗೊಳ್ಳಬಹುದು." ನಮ್ಮ ಮೊದಲ ವರ್ಷದ ಶಿಫಾರಸು ಇದು. ಬಂದ ಉತ್ತರ: "ಕ್ರಮ ಕೈಗೊಳ್ಳಲಾಗುತ್ತಿದೆ." ಅವರದೇನೂ ತಪ್ಪಿಲ್ಲ, ಮಸುಕಾದ ಪ್ರಶ್ನೆಗೆ ಮಸುಕಾದ ಉತ್ತರ.

ಮರುವರ್ಷ ಹೀಗೆ ಬರೆದೆವು: "ಲಿಪಿಕಾರ ಅಥವಾ ಹೆಚ್ಚುವರಿ ಸಮಯ ಕೋರುವ ಅರ್ಜಿಯನ್ನು ವಿದ್ಯಾರ್ಥಿ ಪ್ರವೇಶದ ವೇಳೆ ಒಮ್ಮೆ ಸಲ್ಲಿಸಿದರೆ ಪದವಿ ಮುಗಿಯುವವರೆಗೂ ಅದು ಮಾನ್ಯವಾಗಬೇಕು. ಪ್ರತಿ ಪರೀಕ್ಷೆಗೂ ವೈದ್ಯಕೀಯ ಪ್ರಮಾಣಪತ್ರ ಕೇಳುವ ಸುತ್ತೋಲೆಯನ್ನು ಹಿಂಪಡೆಯಬೇಕು. ಹೊಣೆ: ಪರೀಕ್ಷಾಂಗ ಕುಲಸಚಿವರು. ಗಡುವು: ಮುಂದಿನ ಪರೀಕ್ಷಾ ಅಧಿಸೂಚನೆಗೆ ಮೊದಲು. ವೆಚ್ಚ: ಇಲ್ಲ." ಇದಕ್ಕೆ 'ಆಗುತ್ತದೆ' ಎನ್ನಬಹುದು, 'ಆಗುವುದಿಲ್ಲ' ಎನ್ನಬಹುದು, 'ಕ್ರಮ ಕೈಗೊಳ್ಳಲಾಗುತ್ತಿದೆ' ಎನ್ನಲು ಮಾತ್ರ ಬರುವುದಿಲ್ಲ. ಏನು, ಯಾರು, ಯಾವಾಗ, ಎಷ್ಟು. 'ಬಹುದು' ಎಂಬ ಕ್ರಿಯಾಪದವನ್ನು ಶಿಫಾರಸುಗಳಿಂದ ಪೂರ್ತಿ ಹೊರಗಿಡಿ.

ಒಂದು ವರ್ಷಕ್ಕೆ ಐದಾರು ಶಿಫಾರಸು ಸಾಕು. ನಲವತ್ತು ಕೊಟ್ಟರೆ ಆಡಳಿತ ತನಗೆ ಸುಲಭವಾದ ಹದಿನೈದನ್ನು ಮಾಡಿ, "ಸಮಿತಿಯ ಬಹುಪಾಲು ಸಲಹೆಗಳನ್ನು ಜಾರಿಗೊಳಿಸಲಾಗಿದೆ" ಎಂದು ಪ್ರಕಟಿಸುತ್ತದೆ. ಹಣ ಬೇಕಾದವು ಆಯವ್ಯಯ ತಯಾರಾಗುವ ಎರಡು ಮೂರು ತಿಂಗಳು ಮೊದಲೇ ಹಣಕಾಸು ಅಧಿಕಾರಿಯ ಮೇಜಿಗೆ ತಲುಪಲಿ. ಆಯವ್ಯಯ ಮಂಡನೆಯಾದ ಮರುವಾರ ಕೊಟ್ಟ ಸಲಹೆ ಎಷ್ಟೇ ಒಳ್ಳೆಯದಿದ್ದರೂ ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ.

7. ಬಾಕಿ ಪಟ್ಟಿ

ಒಂದೇ ಒಂದು ಕೋಷ್ಟಕ. ಕ್ರಮಸಂಖ್ಯೆ, ಸಲಹೆ, ಕಳಿಸಿದ ದಿನ, ಉತ್ತರ ಬಂದ ದಿನ, ಉತ್ತರ, ಈಗಿನ ಸ್ಥಿತಿ. ಪ್ರತಿ ಸಭೆಯ ಮೊದಲ ವಿಷಯ ಅದೇ ಆಗಿರಲಿ. ಹೊಸ ವಿಷಯಗಳು ಆಮೇಲೆ. ಮುಗಿದ ಸಾಲನ್ನು ಅಳಿಸಬೇಡಿ, ಕೆಳಗೆ ಸರಿಸಿ. 'ಮುಗಿದಿದೆ' ಎಂದು ಬರೆಯುವ ಅಧಿಕಾರ ಕೆಲಸ ಮಾಡಿದ ವಿಭಾಗಕ್ಕಲ್ಲ, ಅದನ್ನು ಬಳಸುವ ಸದಸ್ಯರಿಗೆ. ಇಳಿಜಾರು ಮುಗಿದಿದೆ ಎಂದು ಗಾಲಿಕುರ್ಚಿಯಲ್ಲಿ ಹತ್ತಿ ಇಳಿದವರು ಹೇಳಲಿ.

8. ದೂರುಗಳು ಬಂದಾಗ

ಸಮಿತಿ ಇದೆ ಎಂದು ಗೊತ್ತಾದೊಡನೆ ದೂರುಗಳು ಬರಲಾರಂಭಿಸುತ್ತವೆ. ಕಿರುಕುಳ, ಅಂಕದಲ್ಲಿ ಅನ್ಯಾಯ, ಅವಮಾನ. ಇವುಗಳನ್ನು ನೀವು ವಿಚಾರಣೆ ಮಾಡಬಾರದು. ಅದಕ್ಕೆ ಅಧಿಕಾರವಿರುವ ಬೇರೆ ಸಮಿತಿ ಇರುತ್ತದೆ, ಇಲ್ಲವೆಂದರೆ ಅದು ಇರಬೇಕೆಂಬುದೇ ನಿಮ್ಮ ಮೊದಲ ಶಿಫಾರಸು. ದೂರು ತಂದವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುವುದೂ ತಪ್ಪು. ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು, ಜೊತೆಗೆ ಯಾರು ಬರಬಹುದು ಎಂಬ ಒಂದು ಹಾಳೆ ತಯಾರಿಟ್ಟುಕೊಳ್ಳಿ. ಒಂದೇ ಬಗೆಯ ದೂರು ಮೂರು ಸಲ ಬಂದರೆ, ಹೆಸರುಗಳನ್ನು ಬಿಟ್ಟು, ಅದರ ಹಿಂದಿರುವ ನಿಯಮದ ದೋಷವನ್ನು ಕಾರ್ಯಸೂಚಿಗೆ ತನ್ನಿ. ಗ್ಯಾಲಡೆಟ್‌ನ ವಿದ್ಯಾರ್ಥಿಗಳು ಕೇಳಿದ ಸೇಡಿಲ್ಲದ ಭರವಸೆಯನ್ನು ನಿಮ್ಮ ವಿದ್ಯಾರ್ಥಿ ಸದಸ್ಯರಿಗೂ ಬರವಣಿಗೆಯಲ್ಲಿ ಕೊಡಿಸಿ.

9. ಒಳಗಿನ ಜಗಳ

ಬದಿಗೆ ತಳ್ಳಲ್ಪಟ್ಟವರೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತಾರೆ ಎಂದು ಯಾರಾದರೂ ಎಣಿಸಿದ್ದರೆ ಮೂರನೇ ಸಭೆಯ ಹೊತ್ತಿಗೆ ಆ ಭ್ರಮೆ ಹರಿಯುತ್ತದೆ. ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವವರಿಗೆ ಕೋಣೆಯಲ್ಲಿ ಚೆನ್ನಾಗಿ ಬೆಳಕು ಬೇಕು. ಮೈಗ್ರೇನ್ ಇರುವವರಿಗೆ ಅದೇ ಬೆಳಕು ಶೂಲ. ನೆಲದ ಮೇಲಿನ ಉಬ್ಬು ಪಟ್ಟಿ ಬಿಳಿ ಕೋಲಿನವರಿಗೆ ದಾರಿ ತೋರಿಸುತ್ತದೆ, ಗಾಲಿಕುರ್ಚಿಯ ಪುಟ್ಟ ಮುಂಗಾಲಿಗಳನ್ನು ಕುಲುಕಾಡಿಸುತ್ತದೆ. ಇರುವ ಒಂದಿಷ್ಟು ಹಣ ಲಿಫ್ಟಿಗೋ, ಭಾಷಾ ತರಬೇತಿಗೋ? ಇವಕ್ಕೆ ಸಿದ್ಧ ಉತ್ತರ ಇಲ್ಲ. ಮತಕ್ಕೆ ಹಾಕಬೇಡಿ, ಚಿಕ್ಕ ಗುಂಪು ಪ್ರತಿ ಸಲ ಸೋಲುತ್ತದೆ. ಇಬ್ಬರನ್ನೂ ಕೋಣೆಗೆ ಕರೆದೊಯ್ದು ಕುರ್ಚಿ ಎಲ್ಲಿಡಬೇಕು, ಯಾವ ದೀಪ ಆರಿಸಬೇಕು ಎಂದು ನೋಡಿದರೆ ಅರ್ಧದಷ್ಟು ತಕರಾರು ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಭಿನ್ನಮತವನ್ನು ನಡಾವಳಿಯಲ್ಲಿ ದಾಖಲಿಸಿ, ಹಾಗೆಯೇ ಕಳಿಸಿ.

10. ಉತ್ತರ ಬಾರದಿದ್ದಾಗ

ಗಡುವು ಮೀರಿದ ಮರುದಿನ ಒಂದು ಜ್ಞಾಪನ ಪತ್ರ. ಹದಿನೈದು ದಿನದ ನಂತರ ಇನ್ನೊಂದು, ಪ್ರತಿ ಆಡಳಿತ ಮಂಡಳಿಗೆ. ಭಾಷೆ ಸೌಮ್ಯವಾಗಿರಲಿ, ದಿನಾಂಕಗಳು ಸ್ಪಷ್ಟವಾಗಿರಲಿ. ವರ್ಷದ ಕೊನೆಯ ವರದಿಯಲ್ಲಿ ಬಾಕಿ ಪಟ್ಟಿಯನ್ನು ಇದ್ದ ಹಾಗೆ ಸೇರಿಸಿ, 'ಉತ್ತರ ಬಂದಿಲ್ಲ' ಎಂಬ ಕಾಲಂ ಸಹಿತ. ಟೀಕೆ ಬರೆಯುವ ಅಗತ್ಯವೇ ಇಲ್ಲ. ನಮ್ಮ ಎರಡನೇ ವರ್ಷದ ವರದಿಯಲ್ಲಿ ಆರು ಸಾಲುಗಳಲ್ಲಿ ನಾಲ್ಕರ ಎದುರು ಆ ಎರಡು ಪದಗಳಿದ್ದವು. ಕರಡು ಮಂಡಳಿಗೆ ಹೋಗುವ ವಾರ ಮೂರಕ್ಕೆ ಉತ್ತರ ಬಂತು. ಎರಡು 'ಹೌದು', ಒಂದು 'ಇಲ್ಲ'. 'ಇಲ್ಲ' ಎಂದದ್ದಕ್ಕೆ ಕಾರಣ ಬರೆದಿದ್ದರು: ಹಳೆಯ ಗ್ರಂಥಾಲಯದ ಗೋಡೆ ಲಿಫ್ಟಿನ ಭಾರ ತಡೆಯುವುದಿಲ್ಲ ಎಂಬ ಎಂಜಿನಿಯರ್ ಟಿಪ್ಪಣಿ. ಒಪ್ಪಬೇಕಾದ ಕಾರಣವೇ. ಹಾಗಾಗಿ ಪುಸ್ತಕಗಳನ್ನು ಕೆಳಗೆ ತಂದುಕೊಡುವ ವ್ಯವಸ್ಥೆ ಕೇಳಿ ಹೊಸ ಸಾಲು ಸೇರಿಸಿದೆವು, ಅದು ಎರಡು ತಿಂಗಳಲ್ಲಿ ಆಯಿತು.

ಅವಧಿ ಮುಗಿದು ಹೊರಡುವಾಗ ಬಾಕಿ ಪಟ್ಟಿ, ನಡಿಗೆಯ ಅಳತೆಗಳು, ಬಂದ ಉತ್ತರಗಳು, ಅನುವಾದಕರ ಮತ್ತು ಬ್ರೈಲ್ ಮುದ್ರಕರ ಸಂಪರ್ಕ ವಿವರಗಳನ್ನು ಒಂದೇ ಕಡತಕೋಶದಲ್ಲಿ ಹಾಕಿ ಹೊಸ ಸದಸ್ಯರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ನಾನು ಒಪ್ಪಿಸಿದ ಪಟ್ಟಿಯಲ್ಲಿ ನಾಲ್ಕು ಸಾಲುಗಳು ಬಾಕಿ ಇದ್ದವು. ಮೊನ್ನೆ ಇತಿಹಾಸದ ಅಧ್ಯಾಪಕರು ಸಿಕ್ಕಿದ್ದರು. ಈಗ ಎರಡು ಉಳಿದಿವೆಯಂತೆ, ಕಾರ್ಯಸೂಚಿ ಏಳು ದಿನ ಮೊದಲೇ ಬರುತ್ತದಂತೆ. "ಈಗ ಓದದೆ ಬಂದರೆ ನೆಪ ಹೇಳಲು ಆಗುವುದಿಲ್ಲ, ಅದೊಂದು ತೊಂದರೆ" ಎಂದರು.